ಎಂಎಸ್‌ಎನ್ನೋ ಡಿಎನ್‌ಪಿಯೋ: ಅಮೆರಿಕದಲ್ಲಿ ಸೈಕ್ ಎನ್‌ಪಿ ಆಗಲು ಯಾವ ದಾರಿ?

ಬೆಳಿಗ್ಗೆ ಎಂಟಕ್ಕೆ ನನಗೆ ಫೋನ್ ಬಂದರೆ ಅದು ನೈಟ್ ಡ್ಯೂಟಿ ಮುಗಿಸಿದ ಯಾರೋ ನರ್ಸ್ ಅಂತ ಗೊತ್ತಾಗಿಬಿಡುತ್ತದೆ. ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು, ಮನೆಗೆ ಹೋಗಿ ಮಲಗುವ ಮೊದಲು ಮಾಡುವ ಫೋನು ಅದು. ಕಳೆದ ತಿಂಗಳು ಮಾಡಿದವಳು ಹ್ಯೂಸ್ಟನ್‌ನ ಹುಡುಗಿ, ಹಾಸನದ ಕಡೆಯವಳು. "ಅಕ್ಕಾ, ಎಂಎಸ್‌ಎನ್ ಮಾಡ್ಲಾ, ಡಿಎನ್‌ಪಿ ಮಾಡ್ಲಾ? ಒಂದೇ ಮಾತಲ್ಲಿ ಹೇಳಿಬಿಡಿ." ಎಂಎಸ್‌ಎನ್ ಅಂದರೆ ನರ್ಸಿಂಗ್‌ನಲ್ಲಿ ಮಾಸ್ಟರ್ಸ್, ಡಿಎನ್‌ಪಿ ಅಂದರೆ ನರ್ಸಿಂಗ್‌ನಲ್ಲಿ ಡಾಕ್ಟರೇಟ್. ಎರಡೂ ಔಷಧಿ ಬರೆಯುವ ಮನೋರೋಗ ನರ್ಸ್, ಅಂದರೆ ಸೈಕ್ ಎನ್‌ಪಿ, ಆಗುವ ದಾರಿಗಳು.

ನಾನು ಎರಡು ಪ್ರಶ್ನೆ ತಿರುಗಿ ಕೇಳಿದೆ. ಓದು ಮುಗಿದ ಮೇಲೆ ಯಾವ ರಾಜ್ಯದಲ್ಲಿ ಇರ್ತೀಯ? ಕ್ಲಿನಿಕಲ್‌ಗೆ ಪ್ರಿಸೆಪ್ಟರ್ ಹುಡುಕೋದು ಕಾಲೇಜಾ, ನೀನಾ? (ಕ್ಲಿನಿಕಲ್ ಅಂದರೆ ಓದಿನ ಭಾಗವಾಗಿ ರೋಗಿಗಳನ್ನು ನೋಡುವ ತರಬೇತಿ, ಪ್ರಿಸೆಪ್ಟರ್ ಅಂದರೆ ಅಲ್ಲಿ ಜೊತೆಗಿದ್ದು ಕಲಿಸುವವರು.) ಎರಡಕ್ಕೂ ಅವಳ ಹತ್ತಿರ ಉತ್ತರ ಇರಲಿಲ್ಲ. ಆರು ಯೂನಿವರ್ಸಿಟಿಗಳ ಫೀಸನ್ನು ಮಾತ್ರ ಎಕ್ಸೆಲ್‌ನಲ್ಲಿ ಚೆನ್ನಾಗಿ ಹಾಕಿಟ್ಟಿದ್ದಳು.

ಅವಳನ್ನು ಬೈಯುವ ಹಕ್ಕು ನನಗಿಲ್ಲ. ನಾನೂ ಫೀಸು ನೋಡಿಯೇ ಸೇರಿದವಳು. ಬೆಂಗಳೂರಿನ ಮನೋರೋಗ ವಾರ್ಡೊಂದರಲ್ಲಿ ಎರಡು ವರ್ಷ ಕೆಲಸ ಮಾಡಿ, 2006ರಲ್ಲಿ ಇಲಿನಾಯ್‌ಗೆ ಬಂದೆ. ಹತ್ತು ವರ್ಷ ಇನ್‌ಪೇಷಂಟ್ ಸೈಕ್ ವಾರ್ಡಿನಲ್ಲಿ ರಾತ್ರಿ ಪಾಳಿ. ಆಮೇಲೆ ಎಂಎಸ್‌ಎನ್. ಈಗ ಕ್ಲಿನಿಕ್‌ನಲ್ಲಿ ನಾನೇ ಔಷಧಿ ಬರೆಯುತ್ತೇನೆ. ಹಾಗಾಗಿ ಕೆಳಗಿನದರಲ್ಲಿ ನನ್ನ ಒಲವೂ ಇರುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಎಲ್ಲ ದಾರಿಗೂ ಒಂದೇ ಗೇಟು

ಸೈಕಿಯಾಟ್ರಿಕ್ ಮೆಂಟಲ್ ಹೆಲ್ತ್ ನರ್ಸ್ ಪ್ರಾಕ್ಟಿಷನರ್, ಚಿಕ್ಕದಾಗಿ ಪಿಎಂಎಚ್‌ಎನ್‌ಪಿ, ಅಂದರೆ ರೋಗಿಯನ್ನು ನೋಡಿ, ರೋಗ ಗುರುತಿಸಿ, ಔಷಧಿ ಬರೆದು, ಬೇಕಾದರೆ ಥೆರಪಿಯನ್ನೂ ಕೊಡುವ ನರ್ಸ್. ಅಮೆರಿಕದಲ್ಲಿ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಶುರುವಾಗಿದ್ದೇ 1965ರಲ್ಲಿ, ಕೊಲರಾಡೊ ಯೂನಿವರ್ಸಿಟಿಯಲ್ಲಿ, ಅದೂ ಮಕ್ಕಳ ಆರೈಕೆಗೆ. ಮನೋರೋಗ ನರ್ಸಿಂಗ್‌ನಲ್ಲಿ ಮಾಸ್ಟರ್ಸ್ ಅದಕ್ಕಿಂತ ಹಳೆಯದು. ಹಿಲ್ಡೆಗಾರ್ಡ್ ಪೆಪ್ಲಾವ್ 1950ರ ದಶಕದಲ್ಲೇ ರಟ್‌ಗರ್ಸ್‌ನಲ್ಲಿ ಅದನ್ನು ಕಟ್ಟಿದ್ದರು. ಬಿಎಸ್‌ಸಿಯಲ್ಲಿ ನರ್ಸ್ ಮತ್ತು ರೋಗಿಯ ಸಂಬಂಧದ ಹಂತಗಳು ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ ಪೆಪ್ಲಾವ್.

ಯಾವ ಡಿಗ್ರಿ ಮಾಡಿದರೂ ಕೊನೆಗೆ ಬರೆಯುವ ಪರೀಕ್ಷೆ ಸಾಮಾನ್ಯವಾಗಿ ಒಂದೇ, ನರ್ಸ್‌ಗಳಿಗೆ ಸರ್ಟಿಫಿಕೇಷನ್ ಕೊಡುವ ಎಎನ್‌ಸಿಸಿ ಸಂಸ್ಥೆಯದು. 175 ಪ್ರಶ್ನೆ, ಮೂರೂವರೆ ಗಂಟೆ. ಅದರಲ್ಲಿ 25 ಪ್ರಶ್ನೆಗಳಿಗೆ ಅಂಕ ಇಲ್ಲ, ಆದರೆ ಅವು ಯಾವುವು ಅಂತ ನಿಮಗೆ ಹೇಳುವುದಿಲ್ಲ. ಪಾಸಾದರೆ ಐದು ವರ್ಷದ ಸರ್ಟಿಫಿಕೇಷನ್. ಎಂಎಸ್‌ಎನ್ ಮಾಡಿದವರಿಗೂ ಡಿಎನ್‌ಪಿ ಮಾಡಿದವರಿಗೂ ಹೆಸರಿನ ಮುಂದೆ ಬರುವ ಪಿಎಂಎಚ್‌ಎನ್‌ಪಿ-ಬಿಸಿ ಒಂದೇ. ಔಷಧಿ ಅಂಗಡಿಯವನು ನಿಮ್ಮ ಡಿಗ್ರಿ ಕೇಳಲ್ಲ, ಲೈಸೆನ್ಸ್ ನೋಡುತ್ತಾನೆ.

ಆ ಪರೀಕ್ಷೆಗೆ ಕೂರಬೇಕಾದರೆ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಕೋರ್ಸಿಗೆ ಸಿಸಿಎನ್‌ಇ, ಎಸಿಇಎನ್ ಅಥವಾ ಎನ್‌ಎಲ್‌ಎನ್‌ನ ಸಿಎನ್‌ಇಎ, ಈ ಮೂರರಲ್ಲಿ ಒಂದರ ಮಾನ್ಯತೆ ಇರಬೇಕು. ಮೂರು ಪೇಪರ್ ಕಡ್ಡಾಯ: ಪ್ಯಾಥೋಫಿಸಿಯಾಲಜಿ, ಹೆಲ್ತ್ ಅಸೆಸ್‌ಮೆಂಟ್, ಫಾರ್ಮಕಾಲಜಿ, ಮೂರೂ ಅಡ್ವಾನ್ಸ್‌ಡ್ ಮಟ್ಟದ್ದು. ಇಲ್ಲಿ ಎಲ್ಲರೂ ಅವನ್ನು 'ತ್ರೀ ಪೀಸ್', ಅಂದರೆ ಮೂರು 'ಪಿ', ಅಂತಾರೆ; ಅಸೆಸ್‌ಮೆಂಟ್‌ನ 'ಪಿ' ಬರುವುದು ಫಿಸಿಕಲ್‌ನಿಂದ. ಜೊತೆಗೆ ಕನಿಷ್ಠ ಎರಡು ಬಗೆಯ ಸೈಕೋಥೆರಪಿಯಲ್ಲಿ ತರಬೇತಿ. ಸೈಕ್ ಪಾತ್ರದಲ್ಲೇ ಮಾಡಿದ ಕನಿಷ್ಠ 500 ಗಂಟೆ ಕ್ಲಿನಿಕಲ್. ಕೋರ್ಸುಗಳಿಗೆ ಬೇರೆಯದೇ ಅಳತೆ ಇದೆ. 2022ರ ರಾಷ್ಟ್ರೀಯ ಮಾನದಂಡ ಅದನ್ನು 750 ಗಂಟೆಗೆ ಏರಿಸಿತು. ನಾನು ಓದುವಾಗ 500 ಇತ್ತು, ಅದಕ್ಕೇ ನಾವು ಅತ್ತಿದ್ದೆವು.

ಒಂದು ಮಾತು ನೆನಪಿರಲಿ. ಈ ಸರ್ಟಿಫಿಕೇಷನ್ ಇಡೀ ವಯೋಮಾನಕ್ಕೆ, ಅಂದರೆ ಮಗುವಿನಿಂದ ಮುದುಕರವರೆಗೆ. "ನಾನು ದೊಡ್ಡವರನ್ನು ಮಾತ್ರ ನೋಡ್ತೀನಿ" ಅಂದರೆ ಓದುವಾಗ ನಡೆಯಲ್ಲ. ಮಕ್ಕಳ ಕ್ಲಿನಿಕಲ್ಲೂ ಮಾಡಬೇಕು, ಮತ್ತು ಸಿಗಲು ಅತಿ ಕಷ್ಟವಾದದ್ದೂ ಅದೇ.

ಎಂಎಸ್‌ಎನ್: ಹೆಚ್ಚಿನವರು ಹಿಡಿಯುವ ದಾರಿ

ಬಿಎಸ್‌ಸಿ ನರ್ಸಿಂಗ್ ಆಗಿದೆ, ಇಲ್ಲಿ ಆರ್‌ಎನ್ ಆಗಿ ಕೆಲಸದಲ್ಲಿದ್ದೀರಿ ಅಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಫುಲ್ ಟೈಮ್ ಆದರೆ ಸುಮಾರು ಎರಡು ವರ್ಷ, ಪಾರ್ಟ್ ಟೈಮ್ ಆದರೆ ಮೂರು. ಥಿಯರಿ ಬಹುಪಾಲು ಕಡೆ ಆನ್‌ಲೈನ್. ಜಿಎನ್‌ಎಂ ಡಿಪ್ಲೊಮಾ ಮಾತ್ರ ಮಾಡಿದವರಿಗೆ ಆರ್‌ಎನ್‌ನಿಂದ ನೇರ ಎಂಎಸ್‌ಎನ್‌ಗೆ ಹೋಗುವ ಬ್ರಿಡ್ಜ್ ಕೋರ್ಸುಗಳೂ ಇವೆ.

ನಮ್ಮ ಅಂಕಪಟ್ಟಿಯ ಬಗ್ಗೆ ಒಂದು ಮಾತು. 62 ಪರ್ಸೆಂಟ್ ಅಂತ ನೋಡಿ ನೀವೇ ಜಿಪಿಎ ಲೆಕ್ಕ ಹಾಕಿ ಹೆದರಬೇಡಿ. ವಿದೇಶಿ ಅಂಕಪಟ್ಟಿಗಳನ್ನು ಇಲ್ಲಿನ ಲೆಕ್ಕಕ್ಕೆ ತರುವ ಡಬ್ಲ್ಯುಇಎಸ್ ಥರದ ಸಂಸ್ಥೆಗಳು ತಮ್ಮದೇ ಪಟ್ಟಿ ಇಟ್ಟುಕೊಂಡು ಪ್ರತಿ ಪೇಪರನ್ನೂ ಬದಲಾಯಿಸುತ್ತವೆ. ನಮ್ಮಲ್ಲಿ ನರ್ಸಿಂಗ್ ಪರೀಕ್ಷೆಯಲ್ಲಿ ಅರವತ್ತು ದಾಟುವುದೇ ಸಾಹಸ ಅಂತ ಅವರಿಗೂ ಗೊತ್ತು. ನನ್ನದು ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗೇ ಬಂತು.

ಈ ದಾರಿಯ ಕಷ್ಟ ಪುಸ್ತಕದಲ್ಲಿಲ್ಲ, ವಾರದಲ್ಲಿದೆ. 750 ಗಂಟೆ ಅಂದರೆ ಎಷ್ಟು? ವಾರಕ್ಕೆ ಎರಡು ದಿನ, ದಿನಕ್ಕೆ ಎಂಟು ಗಂಟೆ ಅಂದುಕೊಳ್ಳಿ. 47 ವಾರ ಆಗುತ್ತದೆ. ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ, ಅಷ್ಟೇ. ಸಂಬಳ ಇಲ್ಲ. ನನ್ನ ಕೊನೆಯ ವರ್ಷ ಹೀಗಿತ್ತು: ಶುಕ್ರ, ಶನಿ, ಭಾನುವಾರ ರಾತ್ರಿ ಏಳರಿಂದ ಬೆಳಿಗ್ಗೆ ಏಳರವರೆಗೆ ವಾರ್ಡು. ಸೋಮವಾರ ನಿದ್ದೆ. ಮಂಗಳವಾರ, ಬುಧವಾರ ಕ್ಲಿನಿಕಲ್. ಗುರುವಾರ ಅಸೈನ್‌ಮೆಂಟ್. ಮಗಳ ಸ್ಕೂಲಿನ ಮೀಟಿಂಗಿಗೆ ಗಂಡ ಹೋದರು. ಫ್ರಿಜ್‌ನಲ್ಲಿ ಸದಾ ಒಂದು ಪಾತ್ರೆ ಇಡ್ಲಿ ಹಿಟ್ಟು. ಮೂರು ವರ್ಷ ಊರಿಗೆ ಹೋಗಲಿಲ್ಲ.

ಹತ್ತು ವರ್ಷ ಸೈಕ್ ವಾರ್ಡಿನಲ್ಲಿದ್ದವಳಿಗೆ ಅಷ್ಟೊಂದು ಗಂಟೆ ಯಾಕೆ ಅಂತ ನನಗೂ ಅನಿಸಿತ್ತು. ಉತ್ತರ ಸಿಕ್ಕಿದ್ದು ಎರಡನೇ ವಾರವೇ. ವರ್ಷಗಳಿಂದ ಲಿಥಿಯಂ (ಮನಸ್ಸಿನ ಏರಿಳಿತ ಹಿಡಿದಿಡುವ ಔಷಧಿ) ಮೇಲೆ ಚೆನ್ನಾಗಿದ್ದ ಒಬ್ಬರು ಬಂದರು. ಕೈ ನಡುಗುತ್ತಿತ್ತು. ಕಾಫಿ ಲೋಟ ಮೇಜಿನ ಮೇಲಿಟ್ಟಾಗ ಟಕಟಕ ಸದ್ದಾಯಿತು. ಕೇಳಿದಾಗ ಗೊತ್ತಾಯಿತು, ಮಂಡಿ ನೋವಿಗೆ ಎರಡು ವಾರದಿಂದ ದಿನಕ್ಕೆ ಮೂರು ಹೊತ್ತು ಐಬುಪ್ರೊಫೇನ್ ನುಂಗುತ್ತಿದ್ದರು. ಅದು ರಕ್ತದಲ್ಲಿ ಲಿಥಿಯಂ ಏರಿಸುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಯಾವ ನರ್ಸಿಗೂ ಗೊತ್ತಿರುತ್ತದೆ. ವಾರ್ಡಿನಲ್ಲಿ ಆಗಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಚಾರ್ಟ್‌ನಲ್ಲಿ ಬರೆಯುತ್ತಿದ್ದೆ. ಇಲ್ಲಿ ಪ್ರಿಸೆಪ್ಟರ್ ನನ್ನ ಕಡೆ ತಿರುಗಿ, "ಈಗ ನೀನು ಏನು ಮಾಡ್ತೀಯ?" ಅಂದರು. ಇವತ್ತಿನ ಡೋಸ್ ನಿಲ್ಲಿಸಲಾ? ಎಮರ್ಜೆನ್ಸಿಗೆ ಕಳಿಸಲಾ, ಲೆವೆಲ್ ಬರುವ ತನಕ ಕಾಯಲಾ? ಮಂಡಿಗೆ ಬದಲು ಏನು ಕೊಡಲಿ? ಫೋನ್ ಮಾಡಲು ಯಾರೂ ಇರಲಿಲ್ಲ. ಆ ಗಂಟೆಗಳು ಇರುವುದು ಇದಕ್ಕೆ.

ಡಿಎನ್‌ಪಿ: ಯಾರಿಗೆ ಲಾಭ, ಯಾರಿಗೆ ಬರೀ ಪ್ರೆಸ್ಟೀಜು

ಡಿಎನ್‌ಪಿ ಅಂದರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟಿಸ್. ಪಿಎಚ್‌ಡಿ ಅಲ್ಲ, ಸಂಶೋಧನೆಗಿಂತ ಕೆಲಸಕ್ಕೆ ಹತ್ತಿರದ ಡಾಕ್ಟರೇಟ್. ಬಿಎಸ್‌ಎನ್‌ನಿಂದ (ನಮ್ಮ ಬಿಎಸ್‌ಸಿ ನರ್ಸಿಂಗ್ ಥರದ್ದು) ನೇರ ಹೋದರೆ ಮೂರರಿಂದ ನಾಲ್ಕು ವರ್ಷ, ಒಟ್ಟು 1,000 ಗಂಟೆ ಪ್ರಾಕ್ಟಿಸ್, ಮತ್ತು ಕೊನೆಗೊಂದು ಪ್ರಾಜೆಕ್ಟ್. ಆ ಪ್ರಾಜೆಕ್ಟ್ ಸಾಮಾನ್ಯವಾಗಿ ಒಂದು ಕ್ಲಿನಿಕ್ಕಿನ ಒಂದು ಕೊರತೆ ಸರಿಪಡಿಸುವ ಕೆಲಸ. ಆಂಟಿಸೈಕೋಟಿಕ್ ತಗೊಳ್ಳುವವರಿಗೆಲ್ಲ ಶುಗರ್, ಕೊಲೆಸ್ಟ್ರಾಲ್ ಸರಿಯಾಗಿ ಚೆಕ್ ಆಗುತ್ತಿದೆಯಾ, ಇಲ್ಲವಾದರೆ ಹೇಗೆ ಮಾಡಿಸುವುದು, ಆ ಥರ.

"ಇನ್ನು ಮುಂದೆ ಎಲ್ಲರಿಗೂ ಡಿಎನ್‌ಪಿ ಕಡ್ಡಾಯ ಆಗುತ್ತಂತೆ" ಅನ್ನುವ ಸುದ್ದಿ ನಾನು ಬಂದಾಗಿನಿಂದ ಕೇಳುತ್ತಿದ್ದೇನೆ. ನರ್ಸಿಂಗ್ ಕಾಲೇಜುಗಳ ಒಕ್ಕೂಟ 2004ರಲ್ಲೇ, 2015ರೊಳಗೆ ಹಾಗಾಗಬೇಕು ಅಂದಿತ್ತು. ಆಗಲಿಲ್ಲ. 2018ರಲ್ಲಿ ಎನ್‌ಪಿ ಶಿಕ್ಷಕರ ಸಂಘ 2025 ಅಂತ ಗುರಿ ಇಟ್ಟಿತು. ಅದೂ ಆಗಲಿಲ್ಲ, ಎಂಎಸ್‌ಎನ್ ಮಾಡಿದವರಿಗೆ ಪರೀಕ್ಷೆ ಇನ್ನೂ ತೆರೆದೇ ಇದೆ. ಅನಸ್ತೇಸಿಯಾ ನರ್ಸ್‌ಗಳ ಕಥೆ ಬೇರೆ, ಅವರಿಗೆ 2022ರಿಂದ ಸೇರುವವರೆಲ್ಲ ಡಾಕ್ಟರೇಟ್ ಕೋರ್ಸಿಗೇ ಸೇರಬೇಕು. ಆ ಸುದ್ದಿಯೇ ತಿರುಚಿಕೊಂಡು ನಮ್ಮ ವಾಟ್ಸಾಪ್ ಗುಂಪುಗಳಿಗೆ ಬರುತ್ತದೆ ಅಂತ ನನ್ನ ಅನುಮಾನ.

ಹಾಗಾದರೆ ಡಿಎನ್‌ಪಿ ಬೇಡವಾ? ಮುಂದೆ ಪಾಠ ಮಾಡುವ ಆಸೆ ಇದ್ದರೆ ಮಾಡಿ. ಆಸ್ಪತ್ರೆಯ ಆಡಳಿತಕ್ಕೆ ಹೋಗುವ ಮನಸ್ಸಿದ್ದರೆ ಮಾಡಿ. ನಿಮಗೆ 28 ವರ್ಷ, ಸಂಸಾರದ ಭಾರ ಇಲ್ಲ, ಹತ್ತಿರದ ಒಳ್ಳೆ ಯೂನಿವರ್ಸಿಟಿ ಡಿಎನ್‌ಪಿ ಮಾತ್ರ ಕೊಡುತ್ತದೆ ಅಂದರೂ ಮಾಡಿ. ಜಾನ್ಸ್ ಹಾಪ್ಕಿನ್ಸ್, ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್, ಶಿಕಾಗೋದ ರಷ್ ಇವೆಲ್ಲ ಸೈಕ್ ಎನ್‌ಪಿಯನ್ನು ಡಿಎನ್‌ಪಿಯಾಗಿ ಕಲಿಸುವ ಜಾಗಗಳು, ಮತ್ತು ಇಂಥ ಕಡೆ ಕ್ಲಿನಿಕಲ್‌ಗೆ ಕಾಲೇಜಿನ ಬೆನ್ನು ಗಟ್ಟಿಯಾಗಿರುತ್ತದೆ. ನನ್ನ ಮಟ್ಟಿಗೆ ಡಿಎನ್‌ಪಿಯ ನಿಜವಾದ ಆಕರ್ಷಣೆ ಡಾಕ್ಟರೇಟ್ ಅಲ್ಲ, ಅದೇ.

ಆದರೆ ನಲವತ್ತು ದಾಟಿದವರು, ಕ್ಲಿನಿಕ್‌ನಲ್ಲಿ ಕೂತು ರೋಗಿಗಳನ್ನು ನೋಡುವುದಷ್ಟೇ ಗುರಿ ಅನ್ನುವವರು, ಒಂದೂವರೆ ವರ್ಷ ಜಾಸ್ತಿ ಸಂಬಳ ಬಿಟ್ಟುಕೊಡುವ ಮೊದಲು ಹತ್ತು ಸಲ ಯೋಚಿಸಿ. ಕ್ಲಿನಿಕ್ ಕೆಲಸಕ್ಕೆ ಇಬ್ಬರಿಗೂ ಕೊಡುವ ಸಂಬಳ ಹೆಚ್ಚುಕಮ್ಮಿ ಒಂದೇ. ಎಂಎಸ್‌ಎನ್ ಮಾಡಿ, ಸಂಪಾದಿಸುತ್ತಾ, ಬೇಕಾದರೆ ಆಮೇಲೆ ಡಿಎನ್‌ಪಿಗೆ ಸೇರಬಹುದು. ಉಲ್ಟಾ ಮಾಡೋಕೆ ಆಗಲ್ಲ. ಊರಲ್ಲಿ ಅಮ್ಮ "ನನ್ನ ಮಗಳು ಡಾಕ್ಟರ್" ಅಂತ ಹೇಳಿಕೊಳ್ಳಲಿ ಅನ್ನುವ ಆಸೆ ಇದ್ದರೆ ಅದೂ ತಪ್ಪಲ್ಲ ಬಿಡಿ. ಆದರೆ ಅದಕ್ಕೆ ಎಷ್ಟು ಡಾಲರ್ ಅಂತ ಗೊತ್ತಿರಲಿ.

ಈಗಾಗಲೇ ಎಫ್‌ಎನ್‌ಪಿ ಆಗಿದ್ದರೆ

ಸಾಮಾನ್ಯ ಕಾಯಿಲೆಗಳನ್ನು ನೋಡುವ ಫ್ಯಾಮಿಲಿ ಎನ್‌ಪಿ, ಅಂದರೆ ಎಫ್‌ಎನ್‌ಪಿ, ಆಗಿ ಕೆಲಸ ಮಾಡುತ್ತಾ, ದಿನಕ್ಕೆ ಹತ್ತು ಜನ ಖಿನ್ನತೆ, ಆತಂಕ ಅಂತಲೇ ಬರುತ್ತಿದ್ದಾರೆ ಅನ್ನಿಸಿದವರಿಗೆ ಇರುವುದು ಪೋಸ್ಟ್-ಮಾಸ್ಟರ್ಸ್ ಸರ್ಟಿಫಿಕೇಟ್. ಹೊಸ ಡಿಗ್ರಿ ಇಲ್ಲ, ಸುಮಾರು ಒಂದರಿಂದ ಒಂದೂವರೆ ವರ್ಷದ ಓದು. ಕಾಲೇಜು ನಿಮ್ಮ ಹಳೆಯ ಅಂಕಪಟ್ಟಿ ಇಟ್ಟುಕೊಂಡು 'ಗ್ಯಾಪ್ ಅನಾಲಿಸಿಸ್' ಮಾಡುತ್ತದೆ. ಆ ಮೂರು ಪೇಪರ್ ಮುಗಿದಿದ್ದರೆ ಮತ್ತೆ ಓದಬೇಕಿಲ್ಲ, ಆದರೆ ಅವು ತುಂಬಾ ಹಳೆಯದಾಗಿದ್ದರೆ ಕೆಲವು ಕಡೆ ಒಪ್ಪುವುದಿಲ್ಲ. ಕ್ಲಿನಿಕಲ್ ಮಾತ್ರ ಹೊಸದಾಗಿ ಆಗಬೇಕು. ಎಫ್‌ಎನ್‌ಪಿಯ ಗಂಟೆಗಳು ಸೈಕ್ ಲೆಕ್ಕಕ್ಕೆ ಬರಲ್ಲ.

ಹಣಕ್ಕೂ ಸಮಯಕ್ಕೂ ನೋಡಿದರೆ ಎಲ್ಲಕ್ಕಿಂತ ಒಳ್ಳೆಯ ವ್ಯವಹಾರ ಇದೇ. ಒಂದೇ ಅಡ್ಡಿ ಏನೆಂದರೆ ಬಿಪಿ-ಶುಗರ್ ಕ್ಲಿನಿಕ್ಕಿನ ವೇಗ ಮೈಗೆ ಹತ್ತಿರುತ್ತದೆ. ಹದಿನೈದು ನಿಮಿಷಕ್ಕೊಬ್ಬರು. ಸೈಕ್‌ನಲ್ಲಿ ಹೊಸ ರೋಗಿಗೆ ಒಂದು ಗಂಟೆ ಕೂರಬೇಕು, ಸುಮ್ನೆ ಕೂರಬೇಕು. ನನ್ನ ಜೊತೆ ಇದ್ದ ಒಬ್ಬ ಎಫ್‌ಎನ್‌ಪಿಗೆ ಮೊದಲ ತಿಂಗಳು ಮೌನ ಸಹಿಸುವುದೇ ಆಗುತ್ತಿರಲಿಲ್ಲ. ರೋಗಿ ನಿಲ್ಲಿಸಿದ ಕೂಡಲೇ ಆಕೆ ಪ್ರಿಸ್ಕ್ರಿಪ್ಷನ್ ಪ್ಯಾಡ್ ಮುಟ್ಟುತ್ತಿದ್ದಳು.

ನರ್ಸೇ ಅಲ್ಲದವರಿಗೆ

ಬೇರೆ ಡಿಗ್ರಿ ಇದ್ದವರಿಗೆ ಡೈರೆಕ್ಟ್ ಎಂಟ್ರಿ ಕೋರ್ಸುಗಳಿವೆ. ಯೇಲ್‌ನಲ್ಲಿರುವುದು ಮೂರು ವರ್ಷದ್ದು: ಮೊದಲ ವರ್ಷ ಆರ್‌ಎನ್ ಆಗಲು ಬೇಕಾದ ಪೂರ್ತಿ ನರ್ಸಿಂಗ್, ಉಳಿದೆರಡು ವರ್ಷ ಸ್ಪೆಷಾಲಿಟಿ. ನ್ಯೂಜೆರ್ಸಿಯಲ್ಲಿ ಎಚ್-4 ವೀಸಾದಲ್ಲಿ (ಗಂಡನ ಕೆಲಸದ ವೀಸಾಗೆ ಅಂಟಿಕೊಂಡ ವೀಸಾ) ಮನೆಯಲ್ಲಿರುವ ಎಂಜಿನಿಯರ್ ಹೆಣ್ಣುಮಕ್ಕಳು ಆಗಾಗ ಇದರ ಬಗ್ಗೆ ಕೇಳುತ್ತಾರೆ. ಎಚ್-4ನಲ್ಲಿ ಓದಬಹುದು. ಆದರೆ ಕೆಲಸದ ಪರವಾನಗಿ ಇಲ್ಲದಿದ್ದರೆ ಮಧ್ಯೆ ಆರ್‌ಎನ್ ಆಗಿ ದುಡಿಯುವಂತಿಲ್ಲ, ಸರ್ಕಾರದ ವಿದ್ಯಾರ್ಥಿ ಸಾಲ ಸಿಗಲ್ಲ. ಫೀಸೂ ಜಾಸ್ತಿ.

ನನಗೆ ಈ ದಾರಿ ಅಷ್ಟು ಇಷ್ಟ ಇಲ್ಲ. ವಾರ್ಡಿನಲ್ಲಿ ಒಂದು ರಾತ್ರಿಯೂ ಕಳೆಯದೆ ಒಬ್ಬರಿಗೆ ಕ್ಲೊಜಪಿನ್‌ನಂಥ, ಬಹಳ ಎಚ್ಚರಿಕೆ ಬೇಕಾದ ಔಷಧಿ ಬರೆಯುವುದು ನನಗೆ ಊಹಿಸಿಕೊಳ್ಳಲು ಆಗಲ್ಲ. ಆದರೆ ಹೀಗೆ ಬಂದ ಇಬ್ಬರು ಚೆನ್ನಾಗಿ ಕೆಲಸ ಮಾಡುವುದನ್ನು ನೋಡಿದ್ದೇನೆ, ಆದ್ದರಿಂದ ಇದು ವಾರ್ಡ್ ನರ್ಸಿನ ಗರ್ವ ಅಂತಲೇ ಇಟ್ಟುಕೊಳ್ಳಿ.

ಬೆಂಗಳೂರಿನಲ್ಲಿದ್ದುಕೊಂಡು ಕೇಳುವವರಿಗೆ

"ನಿಮ್ಹಾನ್ಸ್‌ನಲ್ಲಿ ಎಂಎಸ್‌ಸಿ ಸೈಕಿಯಾಟ್ರಿಕ್ ನರ್ಸಿಂಗ್ ಮಾಡಿದರೆ ಅಮೆರಿಕದಲ್ಲಿ ನೇರ ಎನ್‌ಪಿ ಆಗಬಹುದಾ?" ಇಲ್ಲ. ಆ ಎಂಎಸ್‌ಸಿಯಲ್ಲಿ ಇಲ್ಲಿನ ಎನ್‌ಪಿ ಪಾತ್ರದ ಕ್ಲಿನಿಕಲ್ ಇಲ್ಲ, ಇಲ್ಲಿನ ಮಾನ್ಯತೆಯೂ ಇಲ್ಲ. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆ ಮನೋರೋಗ ನರ್ಸ್ ಯಾರು ಅಂತ ಹೇಳುತ್ತದೆ, ಆದರೆ ಔಷಧಿ ಬರೆಯುವ ಅಧಿಕಾರ ಕೊಟ್ಟಿಲ್ಲ. ಹಾಗಂತ ಆ ಓದು ಸಣ್ಣದಲ್ಲ. ನಿಮ್ಹಾನ್ಸ್ ಅನ್ನುವ ಹೆಸರು ಬಂದದ್ದು 1974ರಲ್ಲಿ, ಅದಕ್ಕೆ ಮೊದಲೇ ಅಲ್ಲಿ ಮನೋರೋಗ ನರ್ಸಿಂಗ್ ಕಲಿಸುತ್ತಿದ್ದರು. ಊರಲ್ಲೇ ಪಾಠ ಮಾಡಬೇಕು, ಕಮ್ಯುನಿಟಿಯಲ್ಲಿ ಕೆಲಸ ಮಾಡಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ಅಮೆರಿಕವೇ ಗುರಿ ಅನ್ನುವವರು ಮೊದಲು ಆರ್‌ಎನ್ ಲೈಸೆನ್ಸಿನ ಪರೀಕ್ಷೆ ಎನ್‌ಸಿಎಲ್‌ಇಎಕ್ಸ್ ಮುಗಿಸಿ. ಅದರ ಸೆಂಟರ್ ಬೆಂಗಳೂರಿನಲ್ಲೇ ಇದೆ. ಏಜೆನ್ಸಿಯವರು ಹೇಳದ ಮಾತೊಂದಿದೆ: ಭಾರತದಲ್ಲಿ ಹುಟ್ಟಿದವರಿಗೆ ಇಬಿ-3 (ನರ್ಸ್‌ಗಳು ಸಾಮಾನ್ಯವಾಗಿ ಬರುವ ವರ್ಗ) ಗ್ರೀನ್ ಕಾರ್ಡ್ ಸಾಲು ಹತ್ತು ವರ್ಷಕ್ಕಿಂತ ಉದ್ದ ಇದೆ. ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟ್ ಅಲ್ಲ, ಹುಟ್ಟಿದ ದೇಶ. ಅಪ್ಪ ಅಮ್ಮ ಕುವೈತ್‌ನಲ್ಲಿದ್ದಾಗ ಅಲ್ಲೇ ಹುಟ್ಟಿದ ಮಂಗಳೂರಿನ ಹುಡುಗಿ ಬೇರೆ ಸಾಲಿನಲ್ಲಿ ನಿಲ್ಲುತ್ತಾಳೆ. ಗಂಡ ಹಾಗೆ ಹುಟ್ಟಿದ್ದರೂ ಹೆಂಡತಿಗೆ ಅದರ ಲಾಭ ಸಿಗಬಹುದು. ಅಷ್ಟು ವರ್ಷ ಕಾಯುವುದೇ ಆದರೆ, ಆ ಎಂಎಸ್‌ಸಿ ದಂಡವಲ್ಲ. ಇಲ್ಲಿ ಬಂದ ಮೇಲೆ ಕೆಲವು ಕಾಲೇಜುಗಳು ಅದನ್ನು ನರ್ಸಿಂಗ್ ಮಾಸ್ಟರ್ಸ್ ಅಂತ ಒಪ್ಪಿ ಸರ್ಟಿಫಿಕೇಟ್ ಕೋರ್ಸಿಗೆ ಅರ್ಜಿ ತಗೊಳ್ಳುತ್ತವೆ. ಆದರೂ ಮೂರು ಪೇಪರ್ ಮತ್ತೆ ಓದಲು ಸಿದ್ಧರಾಗಿಯೇ ಬನ್ನಿ. ಎಫ್-1 ವೀಸಾದಲ್ಲಿ ಓದಲು ಬರುವವರಿಗೆ ಆನ್‌ಲೈನ್ ಕೋರ್ಸು ಆಗುವುದಿಲ್ಲ. ಕ್ಯಾಂಪಸ್ಸಿನಲ್ಲಿ ಕೂತು ಓದುವ ಕೋರ್ಸೇ ಬೇಕು.

ಪ್ರಿಸೆಪ್ಟರ್ ಅನ್ನುವ ತಲೆನೋವು

ಹ್ಯೂಸ್ಟನ್ ಹುಡುಗಿಗೆ ನಾನು ಮೊದಲು ಕೇಳಿದ್ದರಲ್ಲಿ ಇದೊಂದು. ನನ್ನ ಕೇಳಿದರೆ, ಎಂಎಸ್‌ಎನ್ ಮತ್ತು ಡಿಎನ್‌ಪಿ ನಡುವಿನ ವ್ಯತ್ಯಾಸಕ್ಕಿಂತ, ಕ್ಲಿನಿಕಲ್ ಕೊಡಿಸುವ ಕಾಲೇಜು ಮತ್ತು ಕೊಡಿಸದ ಕಾಲೇಜಿನ ನಡುವಿನ ವ್ಯತ್ಯಾಸ ದೊಡ್ಡದು.

ನಾನು ಓದಿದ ಕಡೆ ಬ್ರೋಷರ್‌ನಲ್ಲಿ 'ಪ್ಲೇಸ್‌ಮೆಂಟ್ ಸಪೋರ್ಟ್' ಅಂತಿತ್ತು. ಸಪೋರ್ಟ್ ಅಂದರೆ ಒಂದು ಪಟ್ಟಿ. ಅದರಲ್ಲಿ ಅರ್ಧ ಫೋನ್ ನಂಬರ್ ಸತ್ತಿದ್ದವು. ಸೆಮಿಸ್ಟರ್ ಶುರುವಾಗಲು ಹತ್ತು ವಾರ ಇರುವಾಗ ಮೇಲ್ ಬಂತು: ಪ್ರಿಸೆಪ್ಟರ್ ಸಿಗದಿದ್ದರೆ ಈ ಟರ್ಮ್ ಬಿಡಬೇಕಾಗುತ್ತದೆ. ಬೆಳಿಗ್ಗೆ ಡ್ಯೂಟಿ ಮುಗಿಸಿ, ಕ್ಲಿನಿಕ್‌ಗಳು ಬಾಗಿಲು ತೆರೆಯುವ ಹೊತ್ತಿಗೆ ಫೋನ್ ಹಿಡಿದು ಕೂರುತ್ತಿದ್ದೆ. 43 ಕಡೆ ಕೇಳಿದೆ, ನೋಟ್‌ಬುಕ್ ಇನ್ನೂ ಇದೆ. ಎರಡು ಕಡೆ "ದುಡ್ಡು ಕೊಟ್ಟರೆ ನೋಡೋಣ" ಅಂದರು. ಕೊನೆಗೆ ದಾರಿ ತೋರಿಸಿದ್ದು ನಮ್ಮ ವಾರ್ಡಿನ ವಯಸ್ಸಾದ ಸೈಕಿಯಾಟ್ರಿಸ್ಟ್. ರಾತ್ರಿ ಎರಡು ಗಂಟೆಗೆ ಎಷ್ಟೋ ಸಲ ಅವರನ್ನು ಎಬ್ಬಿಸಿದ್ದೆ. "ನಿನ್ನ ಫೋನ್ ಯಾವತ್ತೂ ಸುಮ್ನೆ ಬಂದಿಲ್ಲ" ಅಂದು, ತಮ್ಮ ಗೆಳತಿಯ ಕ್ಲಿನಿಕ್‌ಗೆ ಕಳಿಸಿದರು.

ಆದ್ದರಿಂದ ಅಡ್ಮಿಷನ್ ಕೌನ್ಸೆಲರ್ ಜೊತೆ ಮಾತಾಡುವಾಗ 'ಸಪೋರ್ಟ್ ಇದೆಯಾ' ಅಂತ ಕೇಳಬೇಡಿ, ಎಲ್ಲರೂ ಇದೆ ಅನ್ನುತ್ತಾರೆ. ಹೀಗೆ ಕೇಳಿ: ಪ್ರಿಸೆಪ್ಟರ್ ಸಿಗದಿದ್ದರೆ ಹುಡುಕಿಕೊಡುವ ಹೊಣೆ ಕಾಲೇಜಿನದು ಅಂತ ಬರವಣಿಗೆಯಲ್ಲಿ ಕೊಡ್ತೀರಾ? ಹೋದ ವರ್ಷ ಎಷ್ಟು ವಿದ್ಯಾರ್ಥಿಗಳ ಟರ್ಮ್ ಇದಕ್ಕಾಗಿ ಮುಂದೆ ಹೋಯಿತು? ಮಕ್ಕಳ ಕ್ಲಿನಿಕಲ್ ಎಲ್ಲಿ ಮಾಡಿಸ್ತೀರಿ? ಎಷ್ಟು ಗಂಟೆ ಟೆಲಿಹೆಲ್ತ್ ಒಪ್ತೀರಿ? ಈ ನಾಲ್ಕಕ್ಕೆ ತಡವರಿಸಿದರೆ ಬೇರೆ ಕಡೆ ನೋಡಿ. ಜೊತೆಗೆ, ಓದಿಗೆ ಸೇರುವ ಒಂದು ವರ್ಷ ಮೊದಲೇ ನಿಮ್ಮ ವಾರ್ಡಿನ ಎನ್‌ಪಿಗಳ ಹತ್ತಿರ ಮಾತು ಶುರು ಮಾಡಿ. ಸೈಕ್ ವಾರ್ಡಿನಲ್ಲಿ ಕೆಲಸ ಮಾಡದವರು ಮೊದಲು ಅಲ್ಲಿಗೆ ವರ್ಗ ಕೇಳಿ. ಅನುಭವ, ಪರಿಚಯ ಎರಡೂ ಒಂದೇ ಏಟಿಗೆ ಸಿಗುತ್ತವೆ.

ರಾಜ್ಯ ಬದಲಾದರೆ ಕೆಲಸವೂ ಬೇರೆ

ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಎನ್‌ಪಿ ಡಾಕ್ಟರ ಒಪ್ಪಂದವಿಲ್ಲದೆ ಕೆಲಸ ಮಾಡಬಹುದು. ಅರಿಜೋನಾ, ವಾಷಿಂಗ್ಟನ್ ಇಂಥವು. ನಮ್ಮ ಇಲಿನಾಯ್‌ನಲ್ಲಿ 4,000 ಗಂಟೆ ಕೆಲಸ ಮತ್ತು 250 ಗಂಟೆ ಹೆಚ್ಚುವರಿ ತರಬೇತಿ ಆದ ಮೇಲೆ ಆ ಸ್ವಾತಂತ್ರ್ಯ. ಟೆಕ್ಸಸ್‌ನಲ್ಲಿ ಎಷ್ಟು ವರ್ಷವಾದರೂ ಔಷಧಿ ಬರೆಯಲು ಡಾಕ್ಟರ ಜೊತೆ ಒಪ್ಪಂದ ಬೇಕು. ಅಷ್ಟೇ ಅಲ್ಲ, ಅಲ್ಲಿ ಶೆಡ್ಯೂಲ್ 2 (ದುರುಪಯೋಗದ ಅಪಾಯ ಹೆಚ್ಚಿರುವ) ಔಷಧಿಗಳನ್ನು ಎನ್‌ಪಿ ಆಸ್ಪತ್ರೆ ಅಥವಾ ಹಾಸ್ಪಿಸ್ (ಕೊನೆಗಾಲದ ಆರೈಕೆ) ಒಳಗಷ್ಟೇ ಬರೆಯಬಹುದು. ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ 2. ಅಂದರೆ ಹ್ಯೂಸ್ಟನ್‌ನ ಹೊರರೋಗಿ ಕ್ಲಿನಿಕ್‌ನಲ್ಲಿ ಮಕ್ಕಳ ಸೈಕ್ ಮಾಡಬೇಕು ಅನ್ನುವವಳಿಗೆ ಇದು ಪ್ರತಿದಿನದ ವಿಷಯ. ಇದನ್ನು ಹೇಳಿದಾಗ ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳ ಕನಸು ಅದೇ ಆಗಿತ್ತು.

ಆನ್‌ಲೈನ್ ಕೋರ್ಸಾದರೂ ನೀವಿರುವ ರಾಜ್ಯದವರನ್ನು ಅವರು ಸೇರಿಸಿಕೊಳ್ಳುತ್ತಾರಾ ನೋಡಿ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿರುವವರಿಗೆ ಹೊರಗಿನ ಎಷ್ಟೋ ಕಾಲೇಜು ಬಾಗಿಲು ಹಾಕಿರುತ್ತವೆ. ಮಧ್ಯದಲ್ಲಿ ಗಂಡನಿಗೆ ವರ್ಗವಾಗಿ ರಾಜ್ಯ ಬದಲಾದರೆ ಏನು ಅಂತಲೂ ಈಗಲೇ ಕೇಳಿಡಿ. ಐಟಿ ಮನೆಗಳಲ್ಲಿ ಇದು ಆಗೇ ಆಗುತ್ತದೆ. ಆರ್‌ಎನ್‌ಗೆ ಇರುವ ಹಲವು ರಾಜ್ಯಗಳ ಕಾಂಪ್ಯಾಕ್ಟ್ ಲೈಸೆನ್ಸ್ ಎನ್‌ಪಿ ಕೆಲಸಕ್ಕೆ ನಡೆಯಲ್ಲ.

ದುಡ್ಡು

ಫೀಸಿನ ಅಂತರ ಭಾರಿ. 40 ಸಾವಿರ ಡಾಲರೊಳಗೆ ಮುಗಿಯುವವೂ ಇವೆ, ಲಕ್ಷ ದಾಟುವವೂ ಇವೆ. ಆಸ್ಪತ್ರೆ ಕೊಡುವ ಟ್ಯೂಷನ್ ಸಹಾಯದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ಲೆಕ್ಕ ಕ್ಯಾಲೆಂಡರ್ ವರ್ಷದ್ದು. ನಿಧಾನವಾಗಿ ಓದಿ ನಾಲ್ಕು ಕ್ಯಾಲೆಂಡರ್ ವರ್ಷ ಮುಟ್ಟಿಸಿದರೆ 21,000 ಡಾಲರ್. ನಾನು ಪಾರ್ಟ್ ಟೈಮ್ ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಇದೇ. ಆದರೆ ಆ ಸಹಾಯಕ್ಕೆ ಇಷ್ಟು ವರ್ಷ ಬಿಟ್ಟು ಹೋಗುವಂತಿಲ್ಲ ಅನ್ನುವ ಷರತ್ತು ಇದ್ದೇ ಇರುತ್ತದೆ, ಸಹಿ ಹಾಕುವ ಮುಂಚೆ ಓದಿ.

ಸರ್ಕಾರದ ಸಾಲ ಗ್ರೀನ್ ಕಾರ್ಡ್ ಇದ್ದವರಿಗೂ ಸಿಗುತ್ತದೆ. ಆದರೆ 2025ರ ಕಾಯಿದೆಯಿಂದ 2026ರ ಜುಲೈ 1ರ ನಂತರ ಹೊಸದಾಗಿ ಸಾಲ ಎತ್ತುವವರಿಗೆ ಪೂರ್ತಿ ಖರ್ಚಿನವರೆಗೆ ಸಿಗುತ್ತಿದ್ದ ಗ್ರಾಡ್ ಪ್ಲಸ್ ಸಾಲ ಇಲ್ಲ. ಗ್ರಾಜುಯೇಟ್ ಕೋರ್ಸಿಗೆ ವರ್ಷಕ್ಕೆ 20,500, ಒಟ್ಟು 1 ಲಕ್ಷ ಡಾಲರ್ ಮಿತಿ. ಪ್ರೊಫೆಷನಲ್ ಅಂತ ವಿಂಗಡಿಸಿದ ಕೋರ್ಸಿಗೆ ಮಿತಿ ಹೆಚ್ಚು. ನಿಮ್ಮದು ಯಾವ ಪಟ್ಟಿಯಲ್ಲಿ ಅಂತ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೇ ಕೇಳಿ. ದುಬಾರಿ ಡಿಎನ್‌ಪಿಗೆ ಈ ಮಿತಿ ಬೇಗ ತಾಗುತ್ತದೆ. ಆಮೇಲೆ, ಕೊರತೆ ಇರುವ ಕಡೆ ಕೆಲಸ ಮಾಡಿದರೆ ನರ್ಸ್ ಕೋರ್ ಅನ್ನುವ ಸರ್ಕಾರಿ ಯೋಜನೆ ಎರಡು ವರ್ಷಕ್ಕೆ ಸಾಲದ 60 ಪರ್ಸೆಂಟ್ ತೀರಿಸುತ್ತದೆ. ಮೂರನೇ ವರ್ಷ ಇದ್ದರೆ ಇನ್ನೂ 25. ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ.

ಬರುವ ಸಂಬಳದ ಅಂದಾಜು ಬೇಕಾದರೆ, 2024ರ ಸರ್ಕಾರಿ ಅಂಕಿಅಂಶದಲ್ಲಿ ಎಲ್ಲ ಬಗೆಯ ಎನ್‌ಪಿಗಳ ಮಧ್ಯಮ ವಾರ್ಷಿಕ ಸಂಬಳ 1,29,210 ಡಾಲರ್, ಆರ್‌ಎನ್‌ಗಳದ್ದು 93,600. ವ್ಯತ್ಯಾಸ ಸುಮಾರು 35,600. ನಿಮ್ಮ ಒಟ್ಟು ಖರ್ಚನ್ನು ಅದರಿಂದ ಭಾಗಿಸಿ ನೋಡಿ. ನೈಟ್ ಡಿಫರೆನ್ಷಿಯಲ್ (ರಾತ್ರಿ ಪಾಳಿಗೆ ಕೊಡುವ ಹೆಚ್ಚುವರಿ), ಓವರ್‌ಟೈಮ್ ಎಲ್ಲ ಸೇರಿಸಿ ಚೆನ್ನಾಗಿ ದುಡಿಯುವ ಆರ್‌ಎನ್‌ಗೆ ಮೊದಲ ವರ್ಷ ಸಂಬಳ ಇಳಿದಂತೆಯೂ ಅನಿಸಬಹುದು. ನನಗೆ ಹಾಗೇ ಆಯಿತು.

ಮೊದಲ ಕೆಲಸ

ಕೋರ್ಸ್ ಆರಿಸುವಾಗಲೇ ಇದನ್ನೂ ನೋಡಬೇಕು, ಯಾಕೆಂದರೆ ಓದು ಮುಗಿದ ದಿನ ಯಾರೂ ಪೂರ್ತಿ ತಯಾರಾಗಿರುವುದಿಲ್ಲ. ಮಾಜಿ ಸೈನಿಕರ ಆಸ್ಪತ್ರೆಗಳಾದ ವಿಎಗಳಲ್ಲಿ ಹೊಸ ಸೈಕ್ ಎನ್‌ಪಿಗಳಿಗೆ ಒಂದು ವರ್ಷದ ರೆಸಿಡೆನ್ಸಿ, ಅಂದರೆ ಕೆಲಸದ ಜೊತೆಗಿನ ತರಬೇತಿ, ಇದೆ. ಕೆಲವು ದೊಡ್ಡ ಆಸ್ಪತ್ರೆಗಳಲ್ಲೂ ಇದೆ. ಸಂಬಳ ಕಡಿಮೆ, ಕಡ್ಡಾಯವೂ ಅಲ್ಲ. ಎಂಎಸ್‌ಎನ್ ಮಾಡಿ ಉಳಿದ ಒಂದು ವರ್ಷವನ್ನು ಡಿಎನ್‌ಪಿ ಪ್ರಾಜೆಕ್ಟ್ ಬದಲು ಇಂಥ ರೆಸಿಡೆನ್ಸಿಗೆ ಕೊಟ್ಟರೆ ಕೈ ಹೆಚ್ಚು ಪಳಗುತ್ತದೆ ಅನ್ನುವುದು ನನ್ನ ಎಣಿಕೆ.

ಹ್ಯೂಸ್ಟನ್ ಹುಡುಗಿ ಹೋದ ವಾರ ಮತ್ತೆ ಫೋನ್ ಮಾಡಿದ್ದಳು. ಆರು ಕಾಲೇಜಿಗೂ ನಾಲ್ಕು ಪ್ರಶ್ನೆ ಕಳಿಸಿದ್ದಾಳೆ. ಮೂವರು ಉತ್ತರ ಕೊಟ್ಟಿದ್ದಾರೆ, ಒಬ್ಬರು ಮಾತ್ರ ಬರವಣಿಗೆಯಲ್ಲಿ ಕೊಡ್ತೀವಿ ಅಂದಿದ್ದಾರೆ. ಫೀಸು ಅವಳ ಪಟ್ಟಿಯಲ್ಲಿ ಎರಡನೇ ಅತಿ ಹೆಚ್ಚು. "ಏನ್ ಮಾಡ್ಲಿ ಅಕ್ಕಾ?" ಅಂದಳು. "ಮೊದಲು ಹೋಗಿ ಮಲಗು. ಸಂಜೆ ಎದ್ದು ನಿನ್ನ ಗಂಡನ ಜೊತೆ ಕೂತು ಟೆಕ್ಸಸ್‌ನಲ್ಲೇ ಇರ್ತೀರಾ ಅಂತ ಮಾತಾಡು" ಅಂದೆ.